ಕಾಯೋಕೂ ದುಡ್ಡು ಬೇಕು

ಮೊದಲೇ ಹೇಳಿಬಿಡ್ತೀನಿ, ನನಗೆ ಹತ್ತೊಂಬತ್ತು ವರ್ಷ, ವೈನ್ ರುಚಿ ಗೊತ್ತಿಲ್ಲ. ಓದಿದ್ದು ಪೂರ್ತಿ ಇಂಗ್ಲಿಷ್ ಮೀಡಿಯಂ, ಹಾಗಾಗಿ ಕನ್ನಡದಲ್ಲಿ ತಪ್ಪಿದ್ರೆ ಕ್ಲಬ್‌ನವರು ತಿದ್ದಲಿ. ಆದರೂ ಈ ಸಲ ಬರೀತಿರೋದು ಇಟಲಿಯ ಒಂದು ವೈನರಿ ಬಗ್ಗೆ. ಕಾರಣ, ನಮ್ಮೂರು ನರೇಗಲ್.

ಇಟಲಿಯ ಪಿಯೆಮೊಂಟೆ ಪ್ರಾಂತ್ಯದಲ್ಲಿ ಬಾರ್ಬರೆಸ್ಕೊ ಅಂತ ಒಂದು ಸಣ್ಣ ಊರಿದೆ. ಆ ಸೀಮೆಯ ಸ್ವಂತ ದ್ರಾಕ್ಷಿ ತಳಿ ನೆಬ್ಬಿಯೋಲೊ. ಅದರ ಕೆಂಪು ವೈನ್ ಹೊಸದಿದ್ದಾಗ ಒಗರಂತೆ, ವರ್ಷ ಕಳೆದ ಹಾಗೆ ಮೆತ್ತಗಾಗುತ್ತಂತೆ. ಕನಿಷ್ಠ 26 ತಿಂಗಳು ಇಟ್ಟ ಮೇಲೇನೇ ಮಾರಬೇಕು, ಅದರಲ್ಲಿ 9 ತಿಂಗಳು ಮರದ ಪೀಪಾಯಿಯಲ್ಲಿ ಇಡಬೇಕು ಅಂತ ಅಲ್ಲಿ ನಿಯಮವೇ ಇದೆ.

ಓದಿದ ತಕ್ಷಣ ನನಗೆ ಬಂದ ಪ್ರಶ್ನೆ ಒಂದೇ: ಆ 26 ತಿಂಗಳು ಸಣ್ಣ ರೈತ ಊಟಕ್ಕೆ ಏನು ಮಾಡ್ತಾನೆ?

ಉತ್ತರ 1958ರಲ್ಲಿದೆ. ಬರೀ ದ್ರಾಕ್ಷಿ ಮಾರಿ ಬದುಕೋದು ಕಷ್ಟ ಅಂತ ನೋಡಿದ ಊರಿನ ಪಾದ್ರಿ 19 ಸಣ್ಣ ರೈತರನ್ನ ಸೇರಿಸಿ 'ಪ್ರೊದುತ್ತೋರಿ ದೆಲ್ ಬಾರ್ಬರೆಸ್ಕೊ' ಅನ್ನೋ ಸಹಕಾರಿ ಸಂಘ ಕಟ್ಟಿದರು. ಮೊದಲ ಮೂರು ವರ್ಷ ವೈನ್ ಮಾಡಿದ್ದು ಚರ್ಚಿನ ನೆಲಮಾಳಿಗೆಯಲ್ಲಿ! ಸದಸ್ಯರು ತಮ್ಮ ನೆಬ್ಬಿಯೋಲೊ ಪೂರ್ತಿ ಸಂಘಕ್ಕೇ ಕೊಡಬೇಕು, ಗುಣಮಟ್ಟ ನೋಡಿ ಹಣ. ಅಂದ್ರೆ ಕಾಯೋ ಭಾರ ಸಂಘದ್ದು, ಒಬ್ಬೊಬ್ಬ ರೈತನದ್ದಲ್ಲ. ಸಂಘ ಇವತ್ತಿಗೂ ನಡೀತಿದೆ.

ಈಗ ನಮ್ಮನೆ ಕಥೆ. ಎರಿ ಹೊಲ, ಹಿಂಗಾರಿಗೆ ಕಡಲೆ. ಹೋದ ವರ್ಷ ರಾಶಿ ಆದ ವಾರದಲ್ಲೇ ಅಪ್ಪ ಮಾರಿಬಿಟ್ಟರು. ಮೂರು ತಿಂಗಳಿಗೆ ರೇಟ್ ಏರಿತು. "ಇಟ್ಕೋಬೇಕಿತ್ತಲ್ಲ ಅಜ್ಜಾ" ಅಂದೆ. ಅಜ್ಜ ಹೇಳಿದ: "ಕಡ್ಲಿ ಕಾಯ್ತಾವ ತಮ್ಮಾ, ಸಾಲ ಕಾಯಂಗಿಲ್ಲ. ನಿನ್ನ ಫೀಸೂ ಕಾಯಂಗಿಲ್ಲ."

ನಾನು ಸುಮ್ಮನಾದೆ.

ಹೌದು, ಕಡಲೆ ವೈನ್ ಅಲ್ಲ. ಇಟ್ಟರೆ ರುಚಿ ಹೆಚ್ಚಲ್ಲ, ಹುಳ ಬೀಳುತ್ತೆ. ರೇಟ್ ಇಳಿಯಲೂಬಹುದು. ಆದರೆ ಯಾವಾಗ ಮಾರಬೇಕು ಅನ್ನೋದು ರೈತನ ಕೈಲಿರಬೇಕಲ್ವಾ? ನೋಂದಾಯಿತ ಗೋದಾಮಿನಲ್ಲಿ ಮಾಲು ಇಟ್ಟು, ಆ ರಸೀದಿ ಮೇಲೆ ಸಾಲ ತಗೊಳ್ಳೋಕೆ 2007ರಲ್ಲೇ ಕಾಯ್ದೆ ಆಗಿದೆ. ಆದರೆ ಹತ್ತು ಚೀಲ ಇರೋನು ಒಬ್ಬನೇ ಅಲೆದಾಡಿದರೆ ಗಾಡಿ ಬಾಡಿಗೆಯೇ ಲಾಭ ತಿನ್ನುತ್ತೆ. 19 ಜನ ಸೇರಿದರೆ 190 ಚೀಲ, ಒಂದು ಲಾರಿ ಲೋಡ್. ಆಗ ಲೆಕ್ಕವೇ ಬೇರೆ.

ತಮಾಷೆ ಅಂದ್ರೆ ಈ ಪಾಠಕ್ಕೆ ಇಟಲಿಗೆ ಹೋಗಬೇಕಿಲ್ಲ. ನಮ್ಮದೇ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರು. ದೇಶದಲ್ಲೇ ಮೊದಲನೆಯದು ಅಂತ ಹೆಸರಾದ ಸಂಘ ಅದು. ಆ ಪಾದ್ರಿಗಿಂತ 53 ವರ್ಷ ಮೊದಲು! ನಮ್ಮ ಸಂಘಗಳು ಬಿತ್ತೋಕೆ ಸಾಲ ಕೊಡುತ್ತವೆ. ಕಾಯೋಕೂ ಅಷ್ಟೇ ಸಲೀಸಾಗಿ ಕೊಡಲಿ ಅನ್ನೋದು ನನ್ನ ವಾದ.

ನಮ್ಮ ಪಾಲಿನ ಕೆಲಸವೂ ಇದೆ. ಮುಂದಿನ ಮಿನಿ ಪ್ರಾಜೆಕ್ಟ್‌ಗೆ ಗೋದಾಮಿನ ತೇವಾಂಶ ಅಳೆಯೋ ಅಗ್ಗದ ಸೆನ್ಸರ್ ಮಾಡೋಣ ಅಂತಿದ್ದೀನಿ. ಟೀಮ್‌ಗೆ ಇನ್ನಿಬ್ಬರು ಬೇಕು. ಚೀಲ ಹೊರೋಕೆ ಬಂದ್ರೆ ಇನ್ನೂ ಒಳ್ಳೇದು.