ಬೆಂಕಿಯಿಲ್ಲದ ಅಗ್ನಿಪರ್ವತ

ಶಾಲೆಗಳಲ್ಲಿ ವಿಜ್ಞಾನ ಪ್ರದರ್ಶನದ ದಿನಗಳು ಬಂದವೆಂದರೆ ಅಗ್ನಿಪರ್ವತದ ಮಾದರಿಗಳು ಮೇಜುಗಳ ಮೇಲೆ ತಲೆಯೆತ್ತುತ್ತವೆ. ಮಣ್ಣಿನಿಂದಲೋ ರದ್ದಿಕಾಗದದಿಂದಲೋ ಮಾಡಿದ ಗುಡ್ಡ, ಅದರ ಹೊಟ್ಟೆಯಲ್ಲೊಂದು ಸೀಸೆ, ಸೀಸೆಯಲ್ಲಿ ಅಡಿಗೆ ಸೋಡಾ. ಕೆಂಪು ಬಣ್ಣ ಬೆರೆಸಿದ ವಿನೆಗರನ್ನು ಸುರಿದೊಡನೆ ನೊರೆ ಉಕ್ಕಿ ಹರಿಯುತ್ತದೆ; ನೆರೆದವರು ಚಪ್ಪಾಳೆ ತಟ್ಟುತ್ತಾರೆ. ಆದರೆ ಇದು ಉಕ್ಕಿದ್ದೇಕೆಂದು ಕೇಳಿದರೆ ಉತ್ತರ ಹೇಳಬಲ್ಲ ಬಾಲಕರು ವಿರಳ. ಎಷ್ಟೋ ಮಾದರಿಗಳು ಅಂಗಡಿಯಿಂದ ಸಿದ್ಧವಾಗಿಯೇ ಬಂದಿರುತ್ತವೆ. ತಿಂಗಳ ಸಂಬಳದಲ್ಲಿ ಸಂಸಾರ ಸಾಗಿಸುವ ನಮ್ಮ ಹೋಟೆಲ್ ಕಾರ್ಮಿಕರೂ ಗುಮಾಸ್ತರೂ ‘ಇದೆಲ್ಲ ನಮಗೇನು ತಿಳಿಯುತ್ತದೆ’ ಎಂದು ಹಣ ತೆತ್ತು ಅವುಗಳನ್ನು ಕೊಂಡು ತರುವುದು ವಿಷಾದದ ಸಂಗತಿ. ಅವರಿಗೆ ಈ ವಿದ್ಯೆ ತಿಳಿಯದೆಂಬುದು ಸರಿಯಲ್ಲವೆಂದೇ ನಮ್ಮ ವಾದ.

ಗೋಳಿಬಜೆಯ ಹಿಟ್ಟು ಕಲಸಿದ ಕೈಗೆ ಈ ರಸಾಯನಶಾಸ್ತ್ರ ಹೊಸತಲ್ಲ. ಹುಳಿಮೊಸರಿನಲ್ಲಿ ಕಲಸಿದ ಮೈದಾಕ್ಕೆ ಚಿಟಿಕೆ ಸೋಡಾ ಬಿದ್ದೊಡನೆ ಹಿಟ್ಟು ಉಬ್ಬತೊಡಗುವುದನ್ನು ನಮ್ಮ ಅಡಿಗೆಯವರು ದಿನನಿತ್ಯ ಕಾಣುತ್ತಾರೆ. ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್ ಎಂಬ ಲವಣ. ಅದಕ್ಕೆ ಹುಳಿ, ಅಂದರೆ ಆಮ್ಲ, ತಗುಲಿದೊಡನೆ ಇಂಗಾಲಾಮ್ಲ ವಾಯು ಹೊರಡುತ್ತದೆ. ಮೊಸರಿನಲ್ಲಿರುವುದು ಲ್ಯಾಕ್ಟಿಕ್ ಆಮ್ಲ, ವಿನೆಗರಿನಲ್ಲಿರುವುದು ಅಸಿಟಿಕ್ ಆಮ್ಲ. ಹೆಸರು ಬೇರೆ, ಕೆಲಸ ಒಂದೇ. ವಾಯು ಹೊರಟ ಮೇಲೆ ಸೀಸೆಯಲ್ಲಿ ಉಳಿಯುವುದು ನೀರು ಮತ್ತು ಅದರಲ್ಲಿ ಕರಗಿದ ಸೋಡಿಯಂ ಅಸಿಟೇಟ್. ಸೋಡಾ ಅತಿಯಾದರೆ ಬಜೆಗೆ ಸಾಬೂನಿನ ರುಚಿ ಬರುವುದಷ್ಟೆ? ಹುಳಿ ಸಾಲದೆ ಉಳಿದ ಸೋಡಾ ಕಾವಿಗೆ ಸಿಕ್ಕಿ ತೀಕ್ಷ್ಣವಾದ ಕ್ಷಾರವಾಗುವುದೇ ಅದಕ್ಕೆ ಕಾರಣ.

ಇನ್ನು ಗುಮಾಸ್ತ ಬಂಧುಗಳಿಗೆ ಒಪ್ಪುವ ಭಾಗ. ಜಮಾಖರ್ಚಿನಂತೆ ಇಲ್ಲಿಯೂ ಎರಡು ಬದಿ ತಾಳೆಯಾಗಬೇಕು. 84 ಗ್ರಾಂ ಸೋಡಾಕ್ಕೆ 60 ಗ್ರಾಂ ಅಸಿಟಿಕ್ ಆಮ್ಲ ಬೇಕು. ಅದರಿಂದ 44 ಗ್ರಾಂ ಇಂಗಾಲಾಮ್ಲ ವಾಯು ಹುಟ್ಟುತ್ತದೆ. ಈ ಪ್ರಮಾಣದಲ್ಲಿ 5 ಗ್ರಾಂ, ಅಂದರೆ ಸುಮಾರು ಒಂದು ಚಹಾ ಚಮಚ, ಸೋಡಾಕ್ಕೆ ಶೇಕಡಾ 5ರ ವಿನೆಗರು 70 ಮಿಲಿಲೀಟರಿನಷ್ಟು ಸಾಕು. ಹೊರಡುವ ವಾಯು ಸುಮಾರು 1.4 ಲೀಟರು. ಅದಕ್ಕೂ ಹೆಚ್ಚು ವಿನೆಗರು ಸುರಿದರೆ ಉಕ್ಕು ಹೆಚ್ಚದು. ಎರಡು ತೊಟ್ಟು ಸಾಬೂನಿನ ನೀರು ಬೆರೆಸಿದರೆ ವಾಯು ಗುಳ್ಳೆಗಳಲ್ಲಿ ಸಿಲುಕಿ ನೊರೆ ನಿಧಾನವಾಗಿ ಇಳಿಯುವುದು. ಉಕ್ಕಿದ ಸೀಸೆಯನ್ನು ಮುಟ್ಟಿ ನೋಡಿದರೆ ಅದು ತಣ್ಣಗಿರುತ್ತದೆ. ಈ ಕ್ರಿಯೆ ಸುತ್ತಲಿನ ಕಾವನ್ನು ಹೀರುತ್ತದೆ.

ಆದ್ದರಿಂದ ಈ ಮಾದರಿಯೇ ಸುಳ್ಳು, ಅದನ್ನು ಕೈಬಿಡತಕ್ಕದ್ದು ಎನ್ನುವವರೂ ಉಂಟು. ನಿಜವಾದ ಅಗ್ನಿಪರ್ವತದಲ್ಲಿ ಸೋಡಾವೂ ಇಲ್ಲ, ವಿನೆಗರೂ ಇಲ್ಲ. ಅಲ್ಲಿರುವುದು 700ರಿಂದ 1,200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕರಗಿದ ಬಂಡೆ. ಆದರೂ ಒಂದು ಹೋಲಿಕೆ ಸತ್ಯವಾಗಿದೆ. ಕರಗಿದ ಬಂಡೆಯಲ್ಲಿ ನೀರಾವಿ, ಇಂಗಾಲಾಮ್ಲ, ಗಂಧಕದ ವಾಯುಗಳು ಅಡಗಿರುತ್ತವೆ. ಅದು ಮೇಲೇರಿದಂತೆ ಒತ್ತಡ ಇಳಿದು, ಗೋಲಿ ಸೋಡಾದ ಗೋಲಿಯನ್ನು ಒತ್ತಿದಾಗ ಆಗುವಂತೆ, ವಾಯು ಗುಳ್ಳೆಗಳಾಗಿ ಹೊರನುಗ್ಗುತ್ತದೆ. ದ್ರವವನ್ನೂ ಎತ್ತಿ ಎಸೆಯುತ್ತದೆ. ಹೋಲಿಕೆ ಎಲ್ಲಿಯವರೆಗೆ, ವ್ಯತ್ಯಾಸ ಎಲ್ಲಿಂದ ಎಂದು ಹೇಳಬಲ್ಲ ಬಾಲಕನೇ ವಿಜ್ಞಾನವನ್ನು ಕಲಿತವನು.

ಇದು ದೂರದೇಶದ ಕಥೆಯೂ ಅಲ್ಲ. ಅಂಡಮಾನಿನ ಬ್ಯಾರನ್ ದ್ವೀಪದ ಅಗ್ನಿಪರ್ವತವು ಶತಮಾನಕ್ಕೂ ಹೆಚ್ಚು ಕಾಲ ಶಾಂತವಾಗಿದ್ದು 1991ರಲ್ಲಿ ಮತ್ತೆ ಎದ್ದಿತು. ಆಮೇಲೆ ಅನೇಕ ಸಲ ಉಗುಳಿದೆ. ಮುಂಬಯಿ, ಪುಣೆಗಳ ಕರಿಕಲ್ಲಿನ ನೆಲವು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹರಿದ ಲಾವಾ. ಎಲ್ಲೋರದ ಕೈಲಾಸ ದೇವಾಲಯವನ್ನು ಕಡೆದದ್ದೂ ವಿಜಯಪುರದ ಗೋಲಗುಮ್ಮಟವನ್ನು ಕಟ್ಟಿದ್ದೂ ಅದೇ ಜಾತಿಯ ಕಲ್ಲಿನಲ್ಲಿ. ಮಗನನ್ನು ಕರೆದು ಕಾಲಡಿಯ ಈ ಕಲ್ಲನ್ನು ತೋರಿಸಲು ಕಾಸಿನ ಖರ್ಚೂ ಇಲ್ಲ.

ಒಂದು ಎಚ್ಚರಿಕೆಯ ಮಾತು. ಅಮೋನಿಯಂ ಡೈಕ್ರೋಮೇಟ್ ಎಂಬ ಕಿತ್ತಳೆ ಬಣ್ಣದ ಹರಳಿಗೆ ಬೆಂಕಿ ತಗುಲಿಸಿ, ಕಿಡಿ ಹಾರಿಸಿ ಹಸಿರು ಬೂದಿ ಉಗುಳಿಸುವ ಮಾದರಿಯೊಂದುಂಟು. ನೋಟ ಸೊಗಸೇ ಸರಿ. ಆದರೆ ಆ ಪದಾರ್ಥ ವಿಷ, ಕ್ಯಾನ್ಸರಿಗೂ ಕಾರಣವಾಗತಕ್ಕದ್ದು. ಅದು ಮಕ್ಕಳ ಕೈಗೆ ಎಂದಿಗೂ ಹೋಗಕೂಡದು.

ಉಪಾಧ್ಯಾಯ ಮಹಾಶಯರಲ್ಲಿ ನಮ್ಮ ವಿನಂತಿಯಿಷ್ಟೆ: ಗುಡ್ಡದ ಬಣ್ಣಕ್ಕಲ್ಲದೆ ಬಾಲಕನ ಉತ್ತರಕ್ಕೆ ಅಂಕ ಕೊಡಿರಿ. ತಂದೆತಾಯಿಗಳಲ್ಲಿ ವಿನಂತಿ: ರಜೆಯ ದಿನ ಅರ್ಧ ಗಂಟೆ ಮಕ್ಕಳೊಡನೆ ಕುಳಿತುಕೊಳ್ಳಿರಿ. ಹಗಲೆಲ್ಲ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು ನಮ್ಮಲ್ಲಿ ಅನೇಕರು. ಅವರ ಮಕ್ಕಳು ಶಾಲೆಯಲ್ಲಿ ತಂದೆಯ ಕಸುಬನ್ನು ಹೇಳಲು ಸಂಕೋಚಪಡುವುದುಂಟು. ತನ್ನ ತಂದೆ ನಿತ್ಯವೂ ಕಲಸುವ ಹಿಟ್ಟಿನಲ್ಲಿಯೇ ಪಠ್ಯಪುಸ್ತಕದ ಪಾಠವಿದೆಯೆಂದು ಅರಿತ ಬಾಲಕನಿಗೆ ಆ ಸಂಕೋಚವು ಉಳಿಯದು. ಅಂಗಡಿಯ ಮಾದರಿಯಿಂದ ಈ ಲಾಭ ದೊರೆಯದು.