ಪಿತ್ತಕೋಶ ತೆಗೆಸಿದವರಿಗೆ ನಮ್ಮೂರ ಪಥ್ಯ



ಪಿತ್ತಕೋಶದ ಹರಳಿಗೆ ಆಪರೇಷನ್ ಆಗಿ ಮನೆಗೆ ಬರುವಾಗ ನಮಗೆ ಸಿಕ್ಕ ಚೀಟಿಯಲ್ಲಿ ಓಟ್ಸ್, ಬ್ರೆಡ್, ‘ಕೊಬ್ಬು ಕಡಿಮೆ’ ಎಂದಿತ್ತು, ಅದೂ ಇಂಗ್ಲಿಷಿನಲ್ಲಿ. ಶೇಂಗಾ ಹಿಂಡಿ, ಎಣ್ಣೆಗಾಯಿ ತಿನ್ನುವವರಿಗೆ ಇದರಿಂದ ಏನು ತಿಳಿಯಬೇಕು?

ಪಿತ್ತರಸ ತಯಾರಿಸುವುದು ಯಕೃತ್ತು. ಪಿತ್ತಕೋಶ ಅದನ್ನು ಕೂಡಿಡುವ ಚೀಲವಷ್ಟೇ. ಚೀಲ ಹೋದ ಮೇಲೆ ರಸ ಸದಾ ಸಣ್ಣಗೆ ಕರುಳಿಗೆ ಇಳಿಯುತ್ತಿರುತ್ತದೆ. ಹಾಗಾಗಿ ಒಮ್ಮೆಲೇ ಎಣ್ಣೆ, ತುಪ್ಪ ಹೆಚ್ಚಾದರೆ ಹೊಟ್ಟೆಯುಬ್ಬರ, ಭೇದಿ. ಮೊದಲ ಕೆಲವು ವಾರ ಗಂಜಿ, ನುಚ್ಚು, ತಿಳಿಮಜ್ಜಿಗೆ, ಹೆಸರುಬೇಳೆ ಕಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಉಣ್ಣುವುದು ಒಳ್ಳೆಯದು. ಜೋಳದ ರೊಟ್ಟಿ, ಕಾಳುಪಲ್ಲೆ ಮೆಲ್ಲಗೆ ಹೆಚ್ಚಿಸಬಹುದು. ಬಹುತೇಕರು ಕ್ರಮೇಣ ಎಂದಿನ ಊಟಕ್ಕೆ ಮರಳುತ್ತಾರೆ. ಅಲ್ಲಿಯವರೆಗೆ ಮಿರ್ಚಿ ಭಜಿ, ಕರದಂಟು ಕಾಯಲಿ. ಯಲ್ಲಮ್ಮನ ಜಾತ್ರೆಗೆ ಕರೆದು ಹೋಳಿಗೆಗೆ ತುಪ್ಪ ಸುರಿಯುವ ಬೀಗರಿಗೂ ಇದನ್ನು ಹೇಳಬೇಕು! ಜ್ವರ, ಕಣ್ಣು ಹಳದಿಯಾಗುವುದು, ತಡೆಯಲಾರದ ಹೊಟ್ಟೆನೋವು ಕಂಡರೆ ಮನೆಮದ್ದು ಬೇಡ, ತಕ್ಷಣ ವೈದ್ಯರ ಬಳಿ ಹೋಗಬೇಕು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸರ್ಕಾರಿ ಆಸ್ಪತ್ರೆಗಳಲ್ಲಿ ನಮ್ಮ ಊಟದ ಹೆಸರುಗಳಿರುವ ಕನ್ನಡದ ಪಥ್ಯದ ಚೀಟಿ ಸಿಗುವಂತೆ ಜಿಲ್ಲಾ ಆರೋಗ್ಯಾಧಿಕಾರಿಗಳು ವ್ಯವಸ್ಥೆ ಮಾಡಲಿ.

– ಓದುಗ, ಬೈಲಹೊಂಗಲ