ತೈಲವಿಲ್ಲದ ನಾಡಿನ ರಾಜನೀತಿ

ತೈಲಕ್ಕೆ ಸಂಪೂರ್ಣವಾಗಿ ಪರರನ್ನೇ ಆಶ್ರಯಿಸಿದ್ದ ದಕ್ಷಿಣ ಕೊರಿಯಾ, ಪ್ರಜಾಕ್ಷೋಭೆಯನ್ನೂ ಲೆಕ್ಕಿಸದೆ 1965ರಲ್ಲಿ ಹಳೆಯ ಒಡೆಯನಾದ ಜಪಾನಿನೊಡನೆ ಸಂಧಿ ಮಾಡಿಕೊಂಡು, ಅದರಿಂದೊದಗಿದ 30 ಕೋಟಿ ಡಾಲರುಗಳ ಅನುದಾನ ಮತ್ತು 20 ಕೋಟಿಯ ಸಾಲದಲ್ಲೊಂದು ಭಾಗವನ್ನು ಪೊಹಾಂಗಿನ ಉಕ್ಕಿನ ಕಾರ್ಖಾನೆಗೆ ವಿನಿಯೋಗಿಸಿತು. (ಜಪಾನಿನ ಆಳ್ವಿಕೆಯಲ್ಲಿ ಬಲಾತ್ಕಾರದ ದುಡಿಮೆಗೆ ಸಿಲುಕಿದ್ದವರಿಗೆ ಸಂದದ್ದು ಅತ್ಯಲ್ಪ, ಆ ಅನ್ಯಾಯವನ್ನು ಮರೆಯಲಾಗದು.) 1973ರಲ್ಲಿ ಆ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡ ವರ್ಷವೇ ಅರಬ್ ರಾಷ್ಟ್ರಗಳು ತೈಲವನ್ನು ಅಸ್ತ್ರವಾಗಿ ಪ್ರಯೋಗಿಸಲು, ಅಮೆರಿಕದ ರಕ್ಷಣೆಯಲ್ಲಿದ್ದ ಸಿಯೋಲ್ ಸರಕಾರವು ಡಿಸೆಂಬರಿನಲ್ಲಿ ಅರಬರ ಪಕ್ಷವಹಿಸಿ ಹೇಳಿಕೆಯಿತ್ತಿತು. ತತ್ತ್ವನಿಷ್ಠರು ಇದನ್ನು ಅವಕಾಶವಾದವೆಂದಾರು, ನಾನಾದರೋ ವಿವೇಕವೆನ್ನುವೆನು. ಏಕೆಂದರೆ ತೈಲಕ್ಕೆ ತೆತ್ತ ಹಣವನ್ನು ಮರಳಿ ಗಳಿಸಲು ಕೊರಿಯಾದ ಕಾರ್ಮಿಕರಿಗೆ ಮರುಭೂಮಿಯ ದಾರಿ ಸುಗಮವಾಯಿತು. 1976ರಲ್ಲಿ ಹ್ಯುಂಡೈ ಸಂಸ್ಥೆಗೆ ಸೌದಿ ಅರೇಬಿಯದ ಜುಬೈಲ್ ಬಂದರಿನ ಗುತ್ತಿಗೆಯು 90 ಕೋಟಿ ಡಾಲರಿಗೂ ಮಿಕ್ಕಿದ ಮೊತ್ತಕ್ಕೆ ದೊರೆಯಿತು.